ಗಣಿಯೂರಿನ ತಂಡ, ಸಕ್ಕರೆ ಕಾಯಿಲೆಯ ಹುಡುಗ

ಕೆನಡಾದ ಮ್ಯಾನಿಟೋಬಾ ಮತ್ತು ಸಸ್ಕ್ಯಾಚುವಾನ್ ಪ್ರಾಂತಗಳ ಗಡಿಯ ಮೇಲೆ ಫ್ಲಿನ್ ಫ್ಲಾನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 5,000. ಊರಿಗೆ ಆ ವಿಚಿತ್ರ ಹೆಸರು ಬಂದದ್ದು ಒಂದು ಅಗ್ಗದ ಕಾದಂಬರಿಯ ನಾಯಕನಿಂದ! ಅಲ್ಲಿನ ಬಂಡೆಗಳ ಅಡಿಯಲ್ಲಿ ತಾಮ್ರ ಮತ್ತು ಸತುವಿನ ಅದಿರು. ಬಂಡೆಗಳ ಮೇಲೆ ತಿಂಗಳುಗಟ್ಟಲೆ ಹಿಮ. ಗಂಡಸರಿಗೆ ಗಣಿ, ಹುಡುಗರಿಗೆ ಐಸ್ ಹಾಕಿ.

ಊರಿನ ಕಿರಿಯರ ತಂಡದ ಹೆಸರು ಬಾಂಬರ್ಸ್. ತಂಡ ತನ್ನ ವಯಸ್ಸನ್ನು 1927ರಿಂದ ಎಣಿಸುತ್ತದೆ. 1957ರಲ್ಲಿ ಈ ಹುಡುಗರು ರಾಜಧಾನಿ ಒಟ್ಟಾವದ ತಂಡವನ್ನು ಏಳು ಪಂದ್ಯಗಳ ಹೋರಾಟದಲ್ಲಿ 4–3ರಿಂದ ಸೋಲಿಸಿ, ಕೆನಡಾದ ಕಿರಿಯರ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದರು.

ಆಗ ಅದೇ ಊರಿನಲ್ಲಿ ಗಣಿ ಕಾರ್ಮಿಕನೊಬ್ಬನ ಮಗನಿಗೆ ಎಂಟು ವರ್ಷವೂ ತುಂಬಿರಲಿಲ್ಲ. ಹೆಸರು ಬಾಬಿ ಕ್ಲಾರ್ಕ್. ಹದಿಹರೆಯದಲ್ಲಿ ಅವನಿಗೆ ಮಧುಮೇಹ ಕಾಣಿಸಿಕೊಂಡಿತು. ವಯಸ್ಸಾದವರಿಗೆ ಸಾಮಾನ್ಯವಾಗಿ ಬರುವ ಬಗೆಯದಲ್ಲ, ಮೇದೋಜೀರಕ ಗ್ರಂಥಿಯೇ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿಬಿಡುವ ಬಗೆ. ದಿನವೂ ಚುಚ್ಚುಮದ್ದು ಬೇಕು. ಆ ಔಷಧವನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದೂ ಕೆನಡಾದಲ್ಲೇ, 1922ರಲ್ಲಿ, ಟೊರಾಂಟೊ ನಗರದಲ್ಲಿ.

ಇಂಥ ಹುಡುಗ ಆಡಬಹುದೇ? ಓಡಾಟದಲ್ಲಿ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುತ್ತವೆ. ಚುಚ್ಚಿಕೊಂಡ ಇನ್ಸುಲಿನ್ನೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಎರಡೂ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಕೈನಡುಕ, ಬೆವರು, ಕೊನೆಗೆ ಎಚ್ಚರ ತಪ್ಪುವುದೂ ಉಂಟು. ಉಪಾಯ ಮಾತ್ರ ಸರಳ. ಕ್ಲಾರ್ಕ್ ಆಟಕ್ಕೆ ಮುಂಚೆ ಸಕ್ಕರೆ ಬೆರೆಸಿದ ಪಾನೀಯ ಕುಡಿಯುತ್ತಿದ್ದ, ನಡುವಿನ ಬಿಡುವಿನಲ್ಲಿ ಕಿತ್ತಳೆ ರಸ. ಹೀಗೆಯೇ 1967–68 ಮತ್ತು 1968–69ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ!

ಆದರೂ ದೊಡ್ಡ ತಂಡಗಳಿಗೆ ಅನುಮಾನ. ಬಾಂಬರ್ಸ್ ತರಬೇತುದಾರ ಪ್ಯಾಟ್ ಗಿನೆಲ್ ಸುಮ್ಮನೆ ಕೂರಲಿಲ್ಲ. ಹುಡುಗನನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿಗೆ ಕರೆದೊಯ್ದರು. ಆರೋಗ್ಯದ ಎಚ್ಚರಿಕೆ ವಹಿಸಿದರೆ ವೃತ್ತಿಪರ ಹಾಕಿ ಆಡಲು ಅಡ್ಡಿಯಿಲ್ಲವೆಂದು ಅಲ್ಲಿನ ವೈದ್ಯರು ಬರೆದುಕೊಟ್ಟರು. ಸಕ್ಕರೆ ಕಾಯಿಲೆಯ ಮಗುವನ್ನು ವೈದ್ಯರನ್ನೂ ಕೇಳದೆ ಆಟದ ಪಿರಿಯಡ್ಡಿನಲ್ಲಿ ಮರದ ನೆರಳಿಗೆ ಕೂರಿಸುವ ನಮ್ಮ ಶಾಲೆಗಳಿಗೆ ಗಿನೆಲ್ ಅವರ ಈ ಓಡಾಟ ಅಚ್ಚರಿಯೆನಿಸೀತು.

1969ರ ಆಯ್ಕೆಯಲ್ಲಿ ಹದಿನಾರು ಹೆಸರುಗಳನ್ನು ಕೂಗಿದ ಮೇಲೆ, ಹದಿನೇಳನೆಯವನಾಗಿ ಕ್ಲಾರ್ಕ್‌ನನ್ನು ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ಆರಿಸಿತು. ಅದೂ ಮೊದಲ ಸುತ್ತಿನಲ್ಲಿ ಬೇರೆಯವನನ್ನು ಆರಿಸಿಕೊಂಡಿತ್ತು! ನಾಲ್ಕೇ ವರ್ಷದಲ್ಲಿ ಅವನು ಆ ತಂಡದ ನಾಯಕ. 1974 ಮತ್ತು 1975ರಲ್ಲಿ ಫ್ಲೈಯರ್ಸ್ ಸ್ಟಾನ್ಲಿ ಕಪ್ ಗೆದ್ದಿತು. ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಅವನಿಗೆ ಮೂರು ಬಾರಿ ಬಂತು. ಅವನೊಡನೆ ಬಾಂಬರ್ಸ್‌ನಲ್ಲಿ ಆಡಿದ್ದ ರೆಗ್ಗೀ ಲೀಚ್ ಕೂಡ 1975ರ ವಿಜೇತ ತಂಡದಲ್ಲಿದ್ದ.

ಫ್ಲಿನ್ ಫ್ಲಾನ್‌ನ ಮುಂದಿನ ದಿನಗಳು ಅಷ್ಟು ಸಲೀಸಾಗಿರಲಿಲ್ಲ. 1978ರಲ್ಲಿ ಊರು ಆ ದೊಡ್ಡ ಲೀಗಿನಲ್ಲಿದ್ದ ಸ್ಥಾನವನ್ನು ಕಳೆದುಕೊಂಡಿತು. ಬಾಂಬರ್ಸ್ ಕೆಳಗಿನ ದರ್ಜೆಯಲ್ಲಿ ಆಟ ಮುಂದುವರಿಸಿ, 1993ರಲ್ಲಿ ಸಸ್ಕ್ಯಾಚುವಾನ್ ಕಿರಿಯರ ಲೀಗ್ ಗೆದ್ದಿತು. 2010ರಲ್ಲಿ ತಾಮ್ರ ಕರಗಿಸುವ ಕುಲುಮೆ ಆರಿತು, 2022ರ ಜೂನ್‌ನಲ್ಲಿ 777 ಗಣಿ ಮುಚ್ಚಿತು. 2025ರ ಮೇ ಕೊನೆಯಲ್ಲಿ ಕಾಳ್ಗಿಚ್ಚು ಹತ್ತಿರ ಬಂದು ಊರಿಗೆ ಊರೇ ಮನೆ ಬಿಡಬೇಕಾಯಿತು. ಜೂನ್ ಕೊನೆಯಲ್ಲಿ ಜನ ಹಿಂದಿರುಗಿದರು; ಆ ವರ್ಷದ ಲೀಗಿಗೆ ಬಾಂಬರ್ಸ್ ಹುಡುಗರು ಸ್ಕೇಟು ಕಟ್ಟಿಕೊಂಡು ಇಳಿದರು.