ಲೋಟಕ್ಕಿಳಿದ ಕಡಲತೀರ

ಗೆಳೆಯರೊಡನೆ ಕಡಲತೀರಕ್ಕೆ ಹೋಗಿ ಬಂದವರ ಚೀಲ ಕೊಡವಿದರೆ ಒಂದಿಷ್ಟು ಮರಳು, ನಾಲ್ಕಾರು ಕಪ್ಪೆಚಿಪ್ಪು, ಒಂದು ಒದ್ದೆ ಟವೆಲು ಸಿಗುತ್ತವೆ. ವಾರ ಕಳೆಯುವುದರೊಳಗೆ ಮರಳು ಕಸಬರಿಗೆಗೆ ಸೇರುತ್ತದೆ, ಚಿಪ್ಪು ಕಪಾಟಿನ ಮೂಲೆಗೆ. ಬಹುಕಾಲ ಉಳಿಯುವುದು ನಾಲಿಗೆಯ ನೆನಪು. ದಡದ ಗೂಡಂಗಡಿಯಲ್ಲಿ ಕುಡಿದ ಎಳನೀರು, ಉಪ್ಪು-ಖಾರ ಸವರಿದ ಅನಾನಸಿನ ಹೋಳು ವರ್ಷಗಳಾದರೂ ಮರೆಯುವುದಿಲ್ಲ. ಆ ದಿನವನ್ನು ಮತ್ತೆ ಒಂದು ಲೋಟದಲ್ಲಿ ಹಿಡಿಯಲಾದೀತೆ?

ಹಾಗೆ ಹಿಡಿಯಲು ಹೊರಟವರು ಲೋಕದಲ್ಲಿ ಹಲವರಿದ್ದಾರೆ. ಅವರ ಪ್ರಯತ್ನದ ಫಲವೇ ಕಡಲತೀರದ ಕಾಕ್‌ಟೇಲ್‌ಗಳು. ಇದು ಮಕ್ಕಳೆದುರು ಆಡುವ ಮಾತೇ ಎಂದು ಹುಬ್ಬೇರಿಸುವ ಹಿರಿಯರು ಸ್ವಲ್ಪ ತಾಳಬೇಕು. ಈ ಲೋಟದಲ್ಲಿ ಮದ್ಯಕ್ಕಿಂತ ಹೆಚ್ಚಾಗಿ ಇತಿಹಾಸ, ಭೂಗೋಳ ಮತ್ತು ರಸಾಯನಶಾಸ್ತ್ರ ತುಂಬಿವೆ.

ಗೆಳತಿ ಕೊಟ್ಟ ಹೆಸರು

ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ವಿಕ್ಟರ್ ಬರ್ಜೆರಾನ್ ಎಂಬಾತ ಹೋಟೆಲು ನಡೆಸುತ್ತಿದ್ದ. ಜನ ಅವನನ್ನು 'ಟ್ರೇಡರ್ ವಿಕ್' ಎಂದೇ ಕರೆಯುತ್ತಿದ್ದರು. ಅವನ ಮಾತಿನ ಪ್ರಕಾರ, 1944ರಲ್ಲಿ ಅವನು ನಿಂಬೆರಸ, ಬಾದಾಮಿಯ ಶರಬತ್ತು, ಕಿತ್ತಳೆ ಸಿಪ್ಪೆಯ ಪರಿಮಳದ ಮದ್ಯ ಮತ್ತು ಜಮೈಕಾದ ಹಳೆಯ ರಮ್ ಬೆರೆಸಿ ಹೊಸದೊಂದು ಪಾನೀಯ ಮಾಡಿದ. ಅದನ್ನು ತಾಹಿತಿ ದ್ವೀಪದಿಂದ ಬಂದಿದ್ದ ಗೆಳೆಯ ದಂಪತಿಗಳ ಮುಂದಿಟ್ಟ. ಗುಟುಕು ಹೀರಿದ ಗೆಳತಿ ತಾಹಿತಿಯ ಭಾಷೆಯಲ್ಲಿ 'ಬಹಳ ಚೆನ್ನಾಗಿದೆ' ಎಂಬರ್ಥದ ಮಾತಾಡಿದಳು. ಆ ಮಾತಿನ ಮೊದಲ ಪದವೇ ಪಾನೀಯದ ಹೆಸರಾಯಿತು: ಮೈ ತಾಯ್. ಡಾನ್ ಬೀಚ್ ಎಂಬ ಇನ್ನೊಬ್ಬ ಹೋಟೆಲುಗಾರ ಇದು ತನ್ನ ಸೃಷ್ಟಿಯೆಂದು ವಾದಿಸಿದ್ದು ಬೇರೆ ಮಾತು.

ಸೋಜಿಗವೆಂದರೆ, ಈ ಲೋಟದಲ್ಲಿದ್ದ ಯಾವ ಸಾಮಗ್ರಿಗೂ ತಾಹಿತಿಯ ವಿಶೇಷ ನಂಟಿರಲಿಲ್ಲ. ದ್ವೀಪದಿಂದ ಬಂದದ್ದು ಗೆಳೆತನ ಮತ್ತು ಒಂದು ಪದ ಮಾತ್ರ. ಕಡಲತೀರದ ಗುಂಗು ಹಿಡಿಸಲು ಅಷ್ಟೇ ಸಾಕಾಯಿತು.

ಮೂರು ತಿಂಗಳ ತಪಸ್ಸು

ಇನ್ನೊಂದು ಕತೆ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ್ದು. ಅಲ್ಲಿನ ಸ್ಯಾನ್ ಹ್ವಾನ್ ನಗರದ ಕಡಲ ದಂಡೆಯ ಮೇಲೆ 1949ರಲ್ಲಿ ಕೆರಿಬೆ ಹಿಲ್ಟನ್ ಹೋಟೆಲು ತೆರೆಯಿತು. ರಜೆ ಕಳೆಯಲು ಬರುವ ಪ್ರವಾಸಿಗರಿಗೆ ದ್ವೀಪದ ರುಚಿಯನ್ನೇ ಕೊಡುವ ಪಾನೀಯವೊಂದು ಬೇಕಿತ್ತು. ಅಲ್ಲಿ ಪಾನೀಯ ಬೆರೆಸುವ ಕೆಲಸದಲ್ಲಿದ್ದ ರಮೋನ್ ಮರೇರೊ ಮೂರು ತಿಂಗಳು ಬೆರೆಸಿ, ರುಚಿ ನೋಡಿ, ಚೆಲ್ಲಿ, ಮತ್ತೆ ಬೆರೆಸಿ 1954ರಲ್ಲಿ 'ಪಿನ್ಯಾ ಕೊಲಾಡಾ' ಸಿದ್ಧಪಡಿಸಿದ ಎಂದು ಹೋಟೆಲು ಹೇಳುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ 'ಸೋಸಿದ ಅನಾನಸು' ಎಂದರ್ಥ. ಅನಾನಸಿನ ರಸ, ತೆಂಗಿನ ಕೆನೆ, ರಮ್ ಮತ್ತು ಮಂಜುಗಡ್ಡೆ - ಇಷ್ಟೇ ಸಾಮಗ್ರಿ. ಅದೇ ನಗರದ ಮತ್ತೊಂದು ಹೋಟೆಲು 1963ರಲ್ಲಿ ತಮ್ಮಲ್ಲೇ ಇದು ಹುಟ್ಟಿತೆಂದು ಗೋಡೆಗೆ ಫಲಕ ಹಾಕಿಕೊಂಡಿದೆ. ಜಗಳ ತೀರಲಿಲ್ಲ, ಪಾನೀಯ ಮಾತ್ರ 1978ರಲ್ಲಿ ದ್ವೀಪದ ಅಧಿಕೃತ ಪಾನೀಯವಾಯಿತು.

ಈ ಜಗಳದ ನಡುವೆ ಒಬ್ಬ ಮೇಷ್ಟ್ರ ಹೆಸರು ಹಿಂದೆ ಸರಿದುಬಿಟ್ಟಿದೆ. ತೆಂಗಿನ ತುರಿ ಅರೆದು ಹಾಲು ಹಿಂಡುವುದು ಎಷ್ಟು ಪ್ರಯಾಸದ ಕೆಲಸವೆಂಬುದು ಒತ್ತು ಶ್ಯಾವಿಗೆಗೆ ಕಾಯಿಹಾಲು ಮಾಡಿದ ನಮ್ಮ ಮನೆಗಳ ಹೆಂಗಸರಿಗೆ ಗೊತ್ತು. ಪೋರ್ಟೊ ರಿಕೊ ವಿಶ್ವವಿದ್ಯಾಲಯದ ರಮೋನ್ ಲೋಪೆಸ್ ಇರಿಸಾರಿ ಎಂಬ ಅಧ್ಯಾಪಕರು ಸುಮಾರು 1950ರ ಹೊತ್ತಿಗೆ ಈ ಕೆಲಸ ಸುಲಭವಾಗುವ ವಿಧಾನ ಕಂಡುಹಿಡಿದರು. ತೆಂಗಿನ ಕೆನೆಗೆ ಕಬ್ಬಿನ ಸಕ್ಕರೆ ಬೆರೆಸಿ ಡಬ್ಬಿಯಲ್ಲಿ ತುಂಬಿದರು. ಆ ಡಬ್ಬಿ ಬಂದ ಮೇಲೆ ಪಿನ್ಯಾ ಕೊಲಾಡಾ ಊರೂರಿಗೆ ಹಬ್ಬುವುದು ಸುಲಭವಾಯಿತು.

ಲೋಟದೊಳಗಿನ ವಿಜ್ಞಾನ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಸೀಸೆಯನ್ನು ಬಿಸಿಲಿಗಿಟ್ಟವರೆಲ್ಲ ಇದನ್ನು ಬಲ್ಲರು. ಕಾಯಿಹಾಲಿನಲ್ಲಿರುವುದೂ ಇದೇ ಜಿಡ್ಡು. ಅದಕ್ಕೆ ಮಂಜುಗಡ್ಡೆ ಸೇರಿಸಿ ಸುಮ್ಮನೆ ಕಲಕಿದರೆ ಜಿಡ್ಡು ಕಾಳುಕಾಳಾಗಿ ತೇಲಬಹುದು. ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಿದರೆ ಹನಿಗಳು ಬಲು ಸಣ್ಣದಾಗಿ ಒಡೆದು ಹಾಲಿನಂತೆ ಬೆರೆತುಕೊಳ್ಳುತ್ತವೆ.

ಹಸಿ ಅನಾನಸಿನಲ್ಲಿ ಬ್ರೋಮಿಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ತುಂಡರಿಸುತ್ತದೆ. ಹಸುವಿನ ಹಾಲಿಗೆ ಹಸಿ ಅನಾನಸು ಹಾಕಿ ಇಟ್ಟರೆ ಒಡೆದು ಕಹಿಯಾಗುವುದು ಇದರಿಂದಲೇ. ಹಣ್ಣನ್ನು ಒಂದು ಕುದಿ ಬೇಯಿಸಿದರೆ ಕಿಣ್ವ ಸೋಲುತ್ತದೆ. ಇನ್ನೂ ಒಂದು ಗುಟ್ಟಿದೆ: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆದ್ದರಿಂದ ಸಕ್ಕರೆ ಸಾಕೋ ಬೇಕೋ ಎಂಬುದನ್ನು ತಣ್ಣಗಾದ ಮೇಲೆಯೇ ನೋಡಬೇಕು.

ಕೊಟ್ಟು ತಂದ ಹಣ್ಣುಗಳು

ಭೂಗೋಳದ ಪಾಠ ಇನ್ನೂ ಸ್ವಾರಸ್ಯಕರ. ಬನವಾಸಿ ಸೀಮೆಯಲ್ಲಿ ಇಂದು ಹುಲುಸಾಗಿ ಬೆಳೆಯುವ ಅನಾನಸಿನ ತವರು ದಕ್ಷಿಣ ಅಮೆರಿಕ. ಕೊಲಂಬಸ್‌ನ ತಂಡ ಅದನ್ನು ಕೆರಿಬಿಯನ್ ದ್ವೀಪದಲ್ಲಿ ಕಂಡದ್ದು 1493ರಲ್ಲಿ. ನಮ್ಮ ಕರಾವಳಿಗೆ ಅದು ಬಂದದ್ದು ಮುಂದಿನ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಅತ್ತ ಕೆರಿಬಿಯನ್ ದಂಡೆಯ ತೆಂಗು ಅಲ್ಲಿನದಲ್ಲ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಅಟ್ಲಾಂಟಿಕ್ ತೀರದ ತೆಂಗಿನ ಮೂಲ ಹಿಂದೂ ಮಹಾಸಾಗರದ ಕಡೆಗಿದೆ ಎಂದು ತೋರಿಸಿತು. ಯುರೋಪಿನ ನಾವಿಕರು ಅದನ್ನು ಅಲ್ಲಿಗೊಯ್ದರು. ಅವರ ಲೋಟದ ತೆಂಗು ನಮ್ಮ ಕಡಲಿನದು, ನಮ್ಮ ತಟ್ಟೆಯ ಅನಾನಸು ಅವರ ಕಡೆಯದು!

ಮೂರನೆಯ ಪದಾರ್ಥದ ಕತೆ ಮಾತ್ರ ಕಹಿ. ಕೊಲಂಬಸ್‌ನ ಎರಡನೆಯ ಯಾನದಲ್ಲಿ ಕಬ್ಬು ಕೆರಿಬಿಯನ್ ತಲುಪಿತು. ಅದರ ಹಿಂದೆ, ಗದ್ದೆಗಳಲ್ಲಿ ದುಡಿಯಲು ಆಫ್ರಿಕದಿಂದ ಲಕ್ಷಾಂತರ ಜನರನ್ನು ಸಂಕೋಲೆ ಹಾಕಿ ತರಲಾಯಿತು. ಸಕ್ಕರೆ ಮಾಡಿ ಉಳಿದ ಕಾಕಂಬಿಯನ್ನು ಹುಳಿಸಿ ಭಟ್ಟಿ ಇಳಿಸಿದ್ದೇ ರಮ್. ಪೋರ್ಟೊ ರಿಕೊದಲ್ಲಿ ಗುಲಾಮಗಿರಿ ರದ್ದಾದದ್ದು 1873ರಲ್ಲಿ. ಬಿಸಿಲು, ಮರಳು, ತಂಪು ಗಾಳಿ ಎಂದು ಮಾರಾಟವಾಗುವ ಲೋಟದ ತಳದಲ್ಲಿ ಈ ಬೆವರೂ ಇದೆ.

ಮದ್ಯ ತೆಗೆದರೆ ಉಳಿಯುವುದೇನು?

ಎಲ್ಲವೂ ಉಳಿಯುತ್ತದೆ! ಪಿನ್ಯಾ ಕೊಲಾಡಾದಿಂದ ರಮ್ ತೆಗೆದರೂ ಅದರ ಹುಳಿ, ಸಿಹಿ, ಪರಿಮಳ ಹೋಗುವುದಿಲ್ಲ. ಹಾಗೆ ಮಾಡಿ ಕೊಡುವುದು ಹೋಟೆಲುಗಳಲ್ಲಿ ರೂಢಿಯೇ ಆಗಿದೆ. ಮದ್ಯ ಎಷ್ಟೇ ಕಡಿಮೆಯಿದ್ದರೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಕಡಲತೀರದಲ್ಲಂತೂ ಅಪಾಯ ಇಮ್ಮಡಿ. ಕುಡಿದವನಿಗೆ ತನ್ನ ಧೈರ್ಯ ದೊಡ್ಡದಾಗಿ, ಅಲೆ ಸಣ್ಣದಾಗಿ ಕಾಣುತ್ತದೆ. ಗೆಳೆಯರ ಗುಂಪಿನಲ್ಲಿ 'ಬೇಡ' ಎನ್ನುವ ಒಬ್ಬನಿದ್ದರೆ ಎಲ್ಲರೂ ಮನೆಗೆ ಮರಳುತ್ತಾರೆ. ಆ ಒಬ್ಬನನ್ನು ಹೇಡಿಯೆಂದು ಗೇಲಿ ಮಾಡದಿರುವುದು ಉಳಿದವರ ಕರ್ತವ್ಯ.

ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಲೋಟ ಅನಾನಸಿನ ರಸಕ್ಕೆ ಅರ್ಧ ಲೋಟ ದಪ್ಪ ಕಾಯಿಹಾಲು, ನಾಲ್ಕು ಹನಿ ನಿಂಬೆರಸ, ಒಂದು ಚಿಟಿಕೆ ಉಪ್ಪು, ಮಂಜುಗಡ್ಡೆ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ ಕೂಡಲೇ ಕುಡಿಯಬೇಕು. ಗೋಕರ್ಣಕ್ಕೋ ಮಲ್ಪೆಗೋ ಹೋಗಿ ಬಂದವರು ಇದನ್ನು ತಮ್ಮದಾಗಿಸಿಕೊಳ್ಳಲಿ. ಅಲ್ಲಿ ಪುನರ್ಪುಳಿ ಶರಬತ್ತು ಹಿಡಿಸಿದ್ದರೆ ಅನಾನಸಿನ ಬದಲು ಅದನ್ನೇ ಎಳನೀರಿಗೆ ಬೆರೆಸಲಿ. ಶುಂಠಿಯ ಖಾರ ನೆನಪಾದರೆ ಒಂದು ಚೂರು ಜಜ್ಜಿ ಹಾಕಲಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಪ್ರತಿ ಸಲದ ಅಳತೆಯನ್ನೂ ಬರೆದಿಡಬೇಕು. ಪ್ರಯೋಗಾಲಯದ ನಿಯಮವೂ ಇದೇ, ಮರೇರೊನ ಮೂರು ತಿಂಗಳ ಪಾಠವೂ ಇದೇ.

ಕೊನೆಗೆ ಹೆಸರಿಡುವ ಕೆಲಸವನ್ನು ಗೆಳೆಯರಿಗೇ ಬಿಡಬಹುದು. ಮೊದಲ ಗುಟುಕಿಗೆ ಅವರ ಬಾಯಿಂದ ಹೊರಟ ಮಾತೇ ಹೆಸರಾದರೆ, ಅದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಾರದು.