ಅರ್ಧ ಗಾಡಿಯ ಪೂರ್ತಿ ಲೆಕ್ಕ

ಬೆಂಗಳೂರಿನ ಪೀಣ್ಯದ ಒಳರಸ್ತೆಗಳಲ್ಲಿ ಯಾವ ಗ್ಯಾರೇಜಿನ ಮುಂದೆ ನಿಂತರೂ ಗೋಡೆಗೆ ಒರಗಿಸಿದ ಒಂದು ಅರ್ಧ ಗಾಡಿ ಕಣ್ಣಿಗೆ ಬೀಳುತ್ತದೆ. ಟ್ಯಾಂಕ್ ಇದ್ದರೆ ಸೀಟಿಲ್ಲ, ಇಂಜಿನ್ ಇದ್ದರೆ ಕಾರ್ಬುರೇಟರ್ ಇಲ್ಲ, ಮುಂದಿನ ಚಕ್ರ ಯಾವತ್ತೋ ಬೇರೆ ಗಾಡಿಗೆ ಹೋಗಿದೆ. ಹೆಚ್ಚಿನವು ಹಳೆಯ ಸ್ಪ್ಲೆಂಡರ್, ಸಿಡಿ 100, ವಿಕ್ಟರ್, ಬಾಕ್ಸರ್. ವೈಟ್‌ಫೀಲ್ಡಿಗೆ ಮೆಟ್ರೋ ಬಂತು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ ಮುಟ್ಟಿತು. ಆದರೂ ಸ್ಟೇಷನ್ನಿನಿಂದ ಕಾರ್ಖಾನೆ ಗೇಟಿಗೆ, ಸೆಕೆಂಡ್ ಶಿಫ್ಟ್ ಬಿಟ್ಟಮೇಲೆ ರೂಮಿಗೆ, ಗಾಡಿಯೇ ಗತಿ. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನ ಕಣ್ಣು ಆ ಗೋಡೆಯ ಕಡೆ ಹೊರಳುವುದು ಸಹಜ. ನನ್ನದೂ ಒಮ್ಮೆ ಹೊರಳಿತ್ತು. ಗಾಡಿ ರಸ್ತೆಗಿಳಿಯಲು ಹನ್ನೊಂದು ತಿಂಗಳು ಹಿಡಿಯಿತು. ಸ್ಪ್ಯಾನರ್ ಹಿಡಿದದ್ದು ಅದರಲ್ಲಿ ಎಂಟೋ ಹತ್ತೋ ಭಾನುವಾರ, ಮಿಕ್ಕಿದ್ದೆಲ್ಲ ಅಲೆದಾಟ. ಆಗ ಕೇಳಿ ನಂಬಿದ್ದ ಮಾತುಗಳು ಇವು.

“ಇಂಜಿನ್ ಇದೆ, ಛಾಸಿ ಇದೆ. ಮುಕ್ಕಾಲು ಗಾಡಿ ಇದ್ದ ಹಾಗೇ ಅಲ್ವಾ ಸಾರ್?”

ತಕ್ಕಡಿಯಲ್ಲಿಟ್ಟರೆ ಹೌದು, ದುಡ್ಡಿನ ಲೆಕ್ಕಕ್ಕೆ ಅಲ್ಲ. ಟ್ಯಾಂಕೋ ಚಕ್ರವೋ ಇಲ್ಲದಿದ್ದರೆ ಎಲ್ಲರಿಗೂ ಕಾಣುತ್ತದೆ, ಮಾರುವವನೇ ಅಷ್ಟು ಬೆಲೆ ಇಳಿಸುತ್ತಾನೆ. ಜೇಬು ಖಾಲಿ ಮಾಡುವುದು ಕಾಣದ ಸಾಮಾನು. ಡ್ರಮ್ ಬ್ರೇಕಿನ ಸಾದಾ 100 ಸಿಸಿ ಗಾಡಿಗೇ ನಾಲ್ಕು ಕೇಬಲ್ ಬೇಕು: ಕ್ಲಚ್, ಆಕ್ಸಿಲರೇಟರ್, ಮುಂದಿನ ಬ್ರೇಕ್, ಸ್ಪೀಡೋಮೀಟರ್. ಆಮೇಲೆ ಹ್ಯಾಂಡಲ್ ಕೋನ್‌ಸೆಟ್, ಫೋರ್ಕಿನ ಆಯಿಲ್ ಸೀಲ್, ವೀಲ್ ಬೇರಿಂಗ್, ಹಿಂದಿನ ಹಬ್ಬಿನ ರಬ್ಬರ್, ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್, ವೈರಿಂಗ್, ಸಿಡಿಐ, ಬ್ಯಾಟರಿ, ಲಾಕ್ ಸೆಟ್. ಇವೆಲ್ಲ ಆದಮೇಲೆ, ಆಕ್ಸಲ್ ಮೇಲೆ ಕೂರುವ ಬೆರಳುದ್ದದ ಒಂದು ಸ್ಪೇಸರ್ ಇಲ್ಲದೆ ಚಕ್ರ ನಡುವಿಗೆ ಬರುವುದಿಲ್ಲ. ಅದಕ್ಕಾಗಿಯೇ ನಾನು ಮೂರು ವಾರ ಕಾದಿದ್ದೇನೆ.

ಟೈರ್ ಚೆನ್ನಾಗಿದೆ ಎಂದರೆ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದ ಟೈರು. ಬಟನ್ ಪೂರ್ತಿ ಉಳಿದಿದ್ದರೂ ಅಷ್ಟು ಹಳೆಯ ರಬ್ಬರು ಕಲ್ಲಾಗಿರುತ್ತದೆ. ತುಮಕೂರು ರಸ್ತೆಯ ಮೊದಲ ಮಳೆಯಲ್ಲಿ ಅದನ್ನು ಪರೀಕ್ಷೆ ಮಾಡಲು ಹೋಗಬೇಡಿ.

ಇರುವುದನ್ನು ಎಣಿಸುವ ಬದಲು ಇಲ್ಲದ್ದನ್ನು ಪಟ್ಟಿ ಮಾಡಿ, ಜೆ.ಸಿ. ರಸ್ತೆಯ ಎರಡು ಅಂಗಡಿಗಳಲ್ಲಿ ಬೆಲೆ ಬರೆಸಿಕೊಂಡು ಬನ್ನಿ. ಚೌಕಾಸಿ ಆಮೇಲೆ.

“ಆರ್‌ಸಿ ತಾನೆ? ಮೊದಲು ಗಾಡಿ ಸ್ಟಾರ್ಟ್ ಆಗಲಿ, ಆಮೇಲೆ ನೋಡ್ಕೊಳ್ಳೋಣ.”

ಈ ಒಂದು ಮಾತಿನಿಂದ ಹಾಳಾದಷ್ಟು ದುಡ್ಡು ಬೇರಾವುದರಿಂದಲೂ ಹಾಳಾಗಿಲ್ಲ. ಆರ್‌ಸಿ ಈ ಗಾಡಿಯ ಮೊದಲನೆಯ ಪಾರ್ಟು. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಲೇತಿನಲ್ಲಿ ತಿರುಗಿಸಿ ಮಾಡುವುದಕ್ಕೂ ಆಗುವುದಿಲ್ಲ.

ಮಾಲೀಕ ಬದುಕಿದ್ದು ಸಹಿ ಹಾಕಿದರೆ ಫಾರಂ 29 ಮತ್ತು 30ರಲ್ಲಿ ವರ್ಗಾವಣೆ ಮುಗಿಯುತ್ತದೆ. ತೀರಿಕೊಂಡಿದ್ದರೆ ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಾಲದ ಗಾಡಿಯಾಗಿದ್ದರೆ ಸಾಲ ಕೊಟ್ಟವರ ಸಹಿ ಇರುವ ಫಾರಂ 35 ಬೇಕು. ಸಾಲ ತೀರಿ ವರ್ಷಗಳೇ ಆಗಿದ್ದರೂ ಆರ್‌ಸಿಯಲ್ಲಿ ಆ ಹೆಸರು ಹಾಗೇ ಕೂತಿರುವುದುಂಟು. ಪೊಲೀಸ್ ಹರಾಜಿನಲ್ಲಿ ಕೊಂಡಿದ್ದಕ್ಕೆ ಫಾರಂ 32, ಜೊತೆಗೆ ಹರಾಜಿನ ಆದೇಶ. ಗುಜರಿ ಮಾಲೆಂದೇ ಹರಾಜಾದ ಗಾಡಿಯನ್ನು ರಸ್ತೆಗಿಳಿಸುವ ಆಸೆ ಬಿಡಿ. ನಾಶವಾಗಿದೆ ಎಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಡಿ ನೋಂದಣಿ ರದ್ದಾದ ಗಾಡಿಯ ಕಥೆಯೂ ಅಷ್ಟೇ. ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮುಂಗಡ ಕೊಟ್ಟಮೇಲೆ ಅದನ್ನು ನೋಡುವ ಬುದ್ಧಿವಂತರನ್ನೂ ಕಂಡಿದ್ದೇನೆ.

ಇಂಜಿನ್ ಇಲ್ಲದ ಗಾಡಿಗೆ ಬೇರೆ ಇಂಜಿನ್ ಕೂರಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಹೊಸ ನಂಬರನ್ನು ಆರ್‌ಸಿಗೆ ಸೇರಿಸಬೇಕು. ಅದಕ್ಕೆ ಇಂಜಿನ್ ಎಲ್ಲಿಂದ ಬಂತು ಎಂಬ ಕಾಗದ ಬೇಕೇ ಬೇಕು. ಛಾಸಿ ಕತ್ತರಿಸಿ, ಹಿಂದುಗಡೆ ಮೋಟು ಮಾಡಿ ಕೆಫೆ ರೇಸರ್ ಎನ್ನುವ ಷೋಕಿ ಇದ್ದವರಿಗೆ ಒಂದು ಮಾತು: ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ಬಂದ ತಿದ್ದುಪಡಿಯ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

“ಹದಿನೈದು ವರ್ಷ ಆಗಿದ್ರೆ ಗುಜರಿಗೇ ಹಾಕ್ಬೇಕು.”

ಅದು ದೆಹಲಿಯ ಕಥೆ. ಇಲ್ಲಿ 15 ವರ್ಷದ ನಂತರ ಫಾರಂ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ ಏರಿದೆ: 2022ರ ಏಪ್ರಿಲಿನಿಂದ ಬೈಕಿಗೆ 1,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 2,000.

“ಹೀರೋ ಹೋಂಡಾದ ಪಾರ್ಟ್ ಅಲ್ವಾ, ಯಾವುದಕ್ಕಾದ್ರೂ ಕೂರುತ್ತೆ.”

ಈ ಮಾತು ಅರ್ಧ ನಿಜ, ಅಪಾಯ ಇರುವುದೇ ಅಲ್ಲಿ. 1985ರ ಸಿಡಿ 100ರಲ್ಲಿ ಬಂದ 97.2 ಸಿಸಿ ಇಂಜಿನ್, 50 ಮಿ.ಮೀ. ಬೋರ್, 49.5 ಮಿ.ಮೀ. ಸ್ಟ್ರೋಕ್, 1994ರ ಸ್ಪ್ಲೆಂಡರಿಗೂ ಬಂತು, ಪ್ಯಾಷನ್ನಿಗೂ ಹೋಯಿತು. ಒಳಗಿನ ಎಷ್ಟೋ ಸಾಮಾನು ಅದಲುಬದಲಾಗುತ್ತದೆ. ಇವು ಬಡವರ ಗಾಡಿಗಳಾಗಿ ಬಾಳಿದ್ದಕ್ಕೆ ಅದೂ ಒಂದು ಕಾರಣ. ಆದರೆ ವೈರಿಂಗ್, ಸಿಡಿಐ, ಹೆಡ್‌ಲೈಟ್ ಡೂಮ್, ಸೈಡ್ ಕವರ್‌ಗಳಿಗೆ ಈ ನೆಂಟಸ್ತಿಕೆ ಗೊತ್ತಿಲ್ಲ. 2020ರ ಏಪ್ರಿಲಿನ ಬಿಎಸ್-6 ಬಂದಮೇಲಂತೂ ಸ್ಪ್ಲೆಂಡರಿನಿಂದ ಕಾರ್ಬುರೇಟರೇ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಸೆನ್ಸರು, ಇಸಿಯು ಕಳೆದುಕೊಂಡ ಬಿಎಸ್-6 ಅರ್ಧ ಗಾಡಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಎರಡು ಸಲ ಯೋಚಿಸಿ. ಹಳೆಯ ಪಾರ್ಟನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋಗಿ, ಬಾಯಲ್ಲಿ ಹೇಳಿ ತರಬೇಡಿ.

“ಪೀಣ್ಯ ಪಕ್ಕದಲ್ಲೇ ಇದೆ. ಏನು ಬೇಕಾದ್ರೂ ಮಾಡಿಕೊಡ್ತಾರೆ.”

ಸಾವಿರಾರು ಸಣ್ಣ ಕಾರ್ಖಾನೆಗಳಿರುವ ಊರು, ನಿಜ. ಆದರೆ ಸಿಎನ್‌ಸಿ ಶಾಪಿನವರು ಕಂಪನಿಗಳ ಜಾಬ್ ವರ್ಕ್ ಮೇಲೆ ಬದುಕುವವರು. ಐನೂರು ಪೀಸಿನ ಆರ್ಡರಿಗೆ ಹಾಕಿಟ್ಟ ಸೆಟ್ಟಿಂಗನ್ನು ನಿಮ್ಮ ಒಂದು ಬುಷ್‌ಗಾಗಿ ಕಳಚುವುದಿಲ್ಲ. ನಿಮಗೆ ಬೇಕಾದವರು ಹಳೆಯ ಲೇತಿನ ಮುಂದೆ ಒಬ್ಬರೇ ನಿಂತಿರುವ ಹಿರಿಯರು. “ಅಣ್ಣ, ಇದೊಂದು ಆಗುತ್ತಾ?” ಎಂದು ಸಾಮಾನು ಮುಂದಿಟ್ಟರೆ ಸಾಕು. ಸ್ಪೇಸರ್, ಬುಷ್, ಆಕ್ಸಲ್, ಬೋಲ್ಟಿನ ಸವೆದ ಮರೆಯ ದುರಸ್ತಿ ಅವರಿಂದ ಆಗುತ್ತದೆ. ಬೋರ್ ಕೆಲಸ ಆಗುತ್ತದೆ, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಒತ್ತಿ ಡಯಲ್ ಗೇಜಿನಲ್ಲಿ ಓಟ ನೋಡಿ ಕೊಡುವವರೂ ಇದ್ದಾರೆ. ಒಂದು ಎಚ್ಚರ: ಓವರ್‌ಸೈಜ್ ಪಿಸ್ಟನ್ನುಗಳು ಸಾಮಾನ್ಯವಾಗಿ 0.25 ಮಿ.ಮೀ. ಹೆಜ್ಜೆಯಲ್ಲಿ ಬರುತ್ತವೆ. ಮೊದಲು ಪಿಸ್ಟನ್ ಕೊಂಡು, ಅದನ್ನೇ ಅಳೆದು ಬೋರ್ ಮಾಡಿಸಿ. ಬೋರ್ ಮುಗಿಸಿ ಪಿಸ್ಟನ್ ಹುಡುಕಲು ಹೊರಟವರ ಬ್ಲಾಕುಗಳು ಗ್ಯಾರೇಜಿನ ಮೂಲೆಯಲ್ಲಿವೆ.

ಗೇರಿನ ಹಲ್ಲು ಮುರಿದಿದ್ದರೆ ಹೊಸ ಗೇರ್ ತನ್ನಿ. ಆಕಾರ ಕೊಡುವುದು ಕಷ್ಟವಲ್ಲ, ಸರಿಯಾದ ಉಕ್ಕು ಮತ್ತು ಮೇಲ್ಪದರ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಒಂದು ಪೀಸಿಗೆ ಗಿಟ್ಟುವುದಿಲ್ಲ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದರೂ ಆ ಗಾಡಿಗಳು ಇಂದಿಗೂ ಓಡುತ್ತಿರುವುದು ಒಬ್ಬೊಬ್ಬರೇ ಲೇತ್ ಸುತ್ತಿದ್ದರಿಂದಲ್ಲ. ಬೇಡಿಕೆ ಉಳಿಸುವಷ್ಟು ಹುಚ್ಚರು ಇರುವುದರಿಂದ ಪಾರ್ಟುಗಳನ್ನು ಮಾಡಿ ಮಾರುವವರೂ ಉಳಿದರು.

ಪೌಡರ್ ಕೋಟಿಂಗ್ ವಿಷಯದಲ್ಲಿ ನನಗೇ ಏಟು ಬಿದ್ದಿತು. ಛಾಸಿಯನ್ನು ಒಂದು ಕಡೆ ಕೊಟ್ಟೆ. ಹ್ಯಾಂಡಲ್ ತಿರುಗುವ ಕತ್ತಿನಲ್ಲಿ ಕೊರೆದಿದ್ದ ಛಾಸಿ ನಂಬರಿನ ಮೇಲೂ ಮರಳು ಹೊಡೆದು, ಮೇಲೆ ದಪ್ಪಗೆ ಬಣ್ಣ ಬೇಯಿಸಿ ಕೊಟ್ಟರು. ತಪಾಸಣೆಗೆ ಒಯ್ದ ದಿನ ಪೆನ್ಸಿಲ್ ಉಜ್ಜಿದರೆ ಹಾಳೆಯ ಮೇಲೆ ಎರಡು ಅಂಕಿ ಮೂಡಲೇ ಇಲ್ಲ. ಬಣ್ಣ ಕರಗಿಸಿ ಮತ್ತೆ ಹೋಗಬೇಕಾಯಿತು. ಕೊಡುವ ಮೊದಲು ನಂಬರಿಗೆ, ಕೋನ್ ಕೂರುವ ಕಪ್ಪಿಗೆ, ಮರೆಗಳಿಗೆ ನೀವೇ ಟೇಪ್ ಸುತ್ತಿ ಕೊಡಿ, ರಬ್ಬರ್ ಬುಷ್ ಕಳಚಿ. ಒಲೆಯ ಬಿಸಿ 200 ಡಿಗ್ರಿಯ ಆಸುಪಾಸು, ರಬ್ಬರು ತಾಳುವುದಿಲ್ಲ.

“ಗುಜರಿ ಮಾಲೆಲ್ಲ ಕಳ್ಳಮಾಲು.”

ಅಲ್ಲ. ಶಿವಾಜಿನಗರದ ಗುಜರಿಯಲ್ಲಿ, ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಪ್ರಾಮಾಣಿಕವಾಗಿ ಬಿಚ್ಚಿದ ಸಾಮಾನೇ ಬೇಕಾದಷ್ಟಿದೆ. ಮಡ್‌ಗಾರ್ಡ್, ಸೀಟು, ರಿಮ್ಮು ಧಾರಾಳವಾಗಿ ತನ್ನಿ. ನಂಬರ್ ಕೊರೆದ ಸಾಮಾನನ್ನು, ಅಂದರೆ ಛಾಸಿ ಮತ್ತು ಇಂಜಿನ್ ಕೇಸನ್ನು, ಬಿಲ್ಲಿಲ್ಲದೆ ಮುಟ್ಟಬೇಡಿ. ಕದ್ದದ್ದೆಂದು ಗೊತ್ತಿದ್ದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕಾದಿರುತ್ತದೆ.

“ಕೊಳ್ಳೋದಕ್ಕಿಂತ ಕಟ್ಟಿಕೊಂಡರೆ ಅಗ್ಗ.”

ನನ್ನ ತೀರ್ಪು: ಇಲ್ಲ. ಸೋಮವಾರ ಕೆಲಸಕ್ಕೆ ಹೋಗಲು ಗಾಡಿ ಬೇಕಾದವರು ಕಾಗದ ಸರಿಯಿರುವ, ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಕೊಳ್ಳಿ. ಕಲಿಯುವ ಆಸೆ, ಕಾಯುವ ತಾಳ್ಮೆ, ಸಾಮಾನು ಹರಡಲು ಒಂದು ಮೂಲೆ ಇದ್ದವರು ಮಾತ್ರ ಗೋಡೆಗೊರಗಿದ ಗಾಡಿಯ ಹತ್ತಿರ ಹೋಗಿ. ನೋಡಲು ಹೋಗುವ ಮೊದಲ ದಿನ ಜೇಬಿನಲ್ಲಿ ಪೆನ್ಸಿಲ್ಲು, ಬಿಳಿ ಹಾಳೆ ಇರಲಿ. ದುಡ್ಡು ಮನೆಯಲ್ಲೇ ಇರಲಿ.