ನೆಟ್ ನಿಧಾನವೇ? ಕಂಪನಿಗೆ ಬೈಯುವ ಮೊದಲು ಬೀರು ಸರಿಸಿ!

ತಾರೀಕು 20 ಬಂತೆಂದರೆ ಅಂಗಡಿ ಬೀದಿಯಲ್ಲಿ ಎದೆಬಡಿತ ಜೋರು. ತಿಂಗಳಾ ತಿಂಗಳಾ ಜಿಎಸ್‌ಟಿ ಲೆಕ್ಕ ಕೊಡುವವರಿಗೆ ಅದೇ ಕಡೇ ದಿನ. ತಪ್ಪಿತೋ, ತೆರಿಗೆ ಕಟ್ಟಬೇಕಾದವರಿಗೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ಬಡ್ಡಿ ಬೇರೆ. ಅಂಥ ಹೊತ್ತಿನಲ್ಲೇ ಪರದೆ ಮೇಲೆ ಚಕ್ರ ಗಿರಗಿರ! ‘ದುಡ್ಡು ಎಣಿಸಿ ಕೊಡ್ತೀವಿ, ನೆಟ್ ಮಾತ್ರ ಎತ್ತಿನ ಗಾಡಿ’ ಎಂಬ ಬೈಗುಳ ಬೀದಿ ತುಂಬ.

ಬೈಯೋದು ಸುಲಭ ಸ್ವಾಮಿ. ಆದರೆ ಕಳ್ಳ ಹೊರಗಿದ್ದಾನೋ, ಮನೆಯೊಳಗೇ ಇದ್ದಾನೋ ನೋಡಬೇಡವೆ?

ಪರೀಕ್ಷೆ ಬಹಳ ಸರಳ. ಮನೆಯವರ ಫೋನು, ಟಿ.ವಿ. ಎಲ್ಲದರ ನೆಟ್ ಬಂದ್ ಮಾಡಿಸಿ. ಕಂಪ್ಯೂಟರನ್ನು ರೂಟರ್ ಪಕ್ಕಕ್ಕೆ ತಂದು, ತಂತಿಯಲ್ಲೇ ಜೋಡಿಸಿ ವೇಗ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಳೆದು ಚೀಟಿಯಲ್ಲಿ ಬರೆದಿಡಿ. ಅಲ್ಲೂ ಕಮ್ಮಿ ಬಂದರೆ, ಪ್ಲಾನಿನ ಡೇಟಾ ಮಿತಿ ದಾಟಿದೆಯೇ ನೋಡಿ. ದಾಟಿದರೆ ವೇಗ ತಾನಾಗಿ ಇಳಿಯುತ್ತದೆ. ಮಿತಿಯೂ ದಾಟಿಲ್ಲವೆಂದರೆ ಆಗ ಕಂಪನಿಗೆ ಫೋನ್ ಹಚ್ಚಿ. ಕೈಲಿ ಚೀಟಿ ಇರುವವನ ಮಾತಿಗೆ ತೂಕ ಜಾಸ್ತಿ.

ಇಲ್ಲೊಂದು ಲೆಕ್ಕ ತಿಳಿದಿರಲಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿ ಅಲ್ಲ. ಎಂಟು ಬಿಟ್ ಸೇರಿ ಒಂದು ಬೈಟ್. ಹಾಗಾಗಿ ಹೆಚ್ಚೆಂದರೆ 12.5 ಎಂಬಿ. ತಕ್ಕಡಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ರೂಟರ್ ಪಕ್ಕ ವೇಗ ಪೂರಾ ಬಂದು, ಮಹಡಿ ಕೋಣೆಯಲ್ಲಿ ಬರಲಿಲ್ಲ ಎನ್ನಿ. ಕಳ್ಳ ಮನೆಯೊಳಗೇ ಇದ್ದಾನೆ! ಅನೇಕರು ರೂಟರನ್ನು ಕಣ್ಣಿಗೆ ಕಾಣದಂತೆ ಸ್ಟೀಲ್ ಬೀರುವಿನ ಹಿಂದೆ ತುರುಕುತ್ತಾರೆ. ವೈಫೈ ಎಂಬುದು ರೇಡಿಯೋ ಅಲೆ. ಕಬ್ಬಿಣದ ಬೀರು ಅದನ್ನು ತಡೆಯುತ್ತದೆ, ಕಂಬಿ ಹಾಕಿದ ಆರ್‌ಸಿಸಿ ಛಾವಣಿ ಹೀರುತ್ತದೆ. ಮನೆ ನಡುಮಧ್ಯೆ, ಎತ್ತರದಲ್ಲಿಡಿ. ಪೈಸೆ ಖರ್ಚಿಲ್ಲ.

ರೂಟರ್‌ನಲ್ಲಿ 2.4, 5 ಎಂದು ಎರಡು ಹೆಸರು ಕಾಣುತ್ತವಲ್ಲ, 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಯವರೂ ಅದರಲ್ಲೇ ನೂಕುನುಗ್ಗಲು. ಮೈಕ್ರೋವೇವ್ ಒಲೆ ಹಚ್ಚಿದರೂ ಅದಕ್ಕೆ ಅಡ್ಡಿ. ಅದರಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ಮೂರೇ: 1, 6, 11. ರೂಟರ್ ಹತ್ತಿರ ಕೂರುವವರು 5 ಹಿಡಿಯುವುದೇ ವಾಸಿ.

ತಂತಿ ಎಳೆದವರೂ ನಿಶ್ಚಿಂತರಲ್ಲ. 200ರ ಪ್ಲಾನ್ ಹಾಕಿಸಿದರೂ ಮುಳ್ಳು 95ಕ್ಕೇ ನಿಂತಿದೆಯೇ? ತಂತಿಯೊಳಗೆ ಎಂಟು ಎಳೆ. 100ರ ವೇಗಕ್ಕೆ ನಾಲ್ಕು ಸಾಕು, 1000ಕ್ಕೆ ಎಂಟೂ ಬೇಕು. ಒಂದು ಎಳೆ ಇಲಿ ಕಡಿದಿದ್ದರೂ ವೇಗ 100ಕ್ಕೆ ಕುಸಿಯಬಹುದು. ತಂತಿ ಬದಲಿಸಿ ನೋಡಿ. ಆಗಲೂ ಅಷ್ಟೇ ಎಂದರೆ ರೂಟರಿನ ಅಥವಾ ಕಂಪ್ಯೂಟರಿನ ಕಿಂಡಿಯೇ 100ರದ್ದಿರಬಹುದು.

ಇನ್ನು ಮನೆಯ ತಿಂಡಿಪೋತರು! ಫೋನಿನ ಫೋಟೋಗಳು ಸದ್ದಿಲ್ಲದೆ ಮೇಲೇರುತ್ತಿರುತ್ತವೆ. ಅಂಗಡಿಯ ಸಿಸಿ ಕ್ಯಾಮೆರಾ ಹಗಲೂ ರಾತ್ರಿ ಚಿತ್ರ ಕಳಿಸುತ್ತಿರುತ್ತದೆ. ಕಳಿಸುವ ದಾರಿ ತುಂಬಿದರೆ ಬರುವ ದಾರಿಯೂ ತೆವಳುತ್ತದೆ. ರೂಟರ್‌ಗೆ ಯಾರ್‍ಯಾರು ಅಂಟಿಕೊಂಡಿದ್ದಾರೆ ಎಂಬ ಪಟ್ಟಿ ಅದರಲ್ಲೇ ಸಿಗುತ್ತದೆ. ಗುರುತಿಲ್ಲದ ಹೆಸರು ಕಂಡರೆ ಅಂದೇ ಪಾಸ್‌ವರ್ಡ್ ಬದಲಿಸಿ. ನೆಟ್ ಹೋದರೆ ಹೋಗಲಿ, ನಿಮ್ಮ ಸಂಪರ್ಕದಿಂದ ಮತ್ತೊಬ್ಬ ಮಾಡಿದ ಕಿತಾಪತಿಗೆ ಪೊಲೀಸರು ಬಂದು ತಟ್ಟುವುದು ನಿಮ್ಮ ಬಾಗಿಲನ್ನೇ!

ಇಷ್ಟಾದ ಮೇಲೂ ಉಳಿದೆಲ್ಲ ತಾಣ ಸರಾಗ, ಜಿಎಸ್‌ಟಿ ತಾಣ ಮಾತ್ರ ಅಲುಗದು ಎಂದರೆ ತಪ್ಪು ನಿಮ್ಮ ಮನೆಯದಲ್ಲ, ಕಂಪನಿಯದೂ ಅಲ್ಲದಿರಬಹುದು. ಕಡೇ ದಿನ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಇನ್ನೇನಾದೀತು? ದುಬಾರಿ ಪ್ಲಾನ್ ಹಾಕಿಸಿದರೂ ಆ ನೂಕಾಟ ಕರಗದು. ಅದಕ್ಕೆ ಮದ್ದು ಒಂದೇ: 20ರವರೆಗೆ ಕಾಯದೆ 15ಕ್ಕೇ ಲೆಕ್ಕ ಒಪ್ಪಿಸಿಬಿಡಿ!